ಮೂವತ್ತೆರಡು ಮಂದಿಯ ಪೆಟ್ಟಿಗೆ

ಪಾಲಿಟೆಕ್ನಿಕ್ಕಿನಿಂದ ನಿವೃತ್ತರಾದ ಮೇಲೆ ಧಾರವಾಡದ ಶಿವಯೋಗಪ್ಪನವರು ತಯಾರಿಸಿದ ಹನ್ನೊಂದನೆಯ ಯಂತ್ರ ಊಟದ ಮೇಜಿನ ಮೇಲೆ ಟವೆಲ್ ಹೊದ್ದು ಕುಳಿತಿತ್ತು. ಅವರು ಟವೆಲ್ ಸರಿಸಿದರು.

"ಇದರ ಹೆಸರು ಸಮಕಾಲಿ. ಇನ್ನ ಮ್ಯಾಲೆ ನಿಮ್ಮ ಬಳಗದಾಗ ಯಾರೂ ಹಿಂದ ಬೀಳಂಗಿಲ್ಲ."

"ಹಿಂದಿನ ಹತ್ತೂ ಹಿಂಗ ಟವೆಲ್ ಹೊದ್ಕೊಂಡ ಬಂದಿದ್ವು," ಎಂದರು ಹೆಂಡತಿ ನೀಲಾಂಬಿಕಾ.

ನೀಲಾಂಬಿಕಾ ನಡೆಸುವ ಸೋಮವಾರದ ವಚನ ಬಳಗ ಫೋನಿನ ಪರದೆಯಲ್ಲಿ ಕೂಡುವ ಮೂವತ್ತೆರಡು ಮಂದಿಯ ಗುಂಪು. ಸಂಪರ್ಕ ನಿಧಾನವಾಗಿ, ಧಾರವಾಡದಲ್ಲಿ ವಚನದ ಸಾಲು ಮುಗಿಯುವಾಗ ಬೀದರಿನಲ್ಲಿ ಅದು ಆಗಷ್ಟೇ ಶುರುವಾಗಿರುತ್ತಿತ್ತು. ಸಮಕಾಲಿಯು ಎರಡು ವರ್ಷದ ಧ್ವನಿಮುದ್ರಣ ಕೇಳಿ, ಯಾರು ಏನನ್ನುತ್ತಾರೆಂದು ಊಹಿಸಿ, ಅವರವರ ದನಿಯಲ್ಲೇ ಒಂದು ಸೆಕೆಂಡು ಮೊದಲು ನುಡಿಯುತ್ತಿತ್ತು. ಆ ಸೋಮವಾರ ಬಳಗ ಮೊದಲ ಬಾರಿಗೆ ಒಂದೇ ಕೊರಳಾಗಿ ಹಾಡಿತು.

ನೀಲಾಂಬಿಕಾ ಅವರ ಚಿಂತೆ ಬೇರೆಯೇ ಇತ್ತು. ನೋಂದಣಿ ಪತ್ರ ತೋರಿಸದ ಧಾರ್ಮಿಕ ಗುಂಪುಗಳನ್ನು ತಿಂಗಳ ಕೊನೆಗೆ ಮುಚ್ಚುವುದಾಗಿ ವಿಡಿಯೊ ಕಂಪನಿ ತಿಳಿಸಿತ್ತು. ಬೆಳಗಾವಿಯಲ್ಲಿ ಸೊಂಟ ಮುರಿದುಕೊಂಡು ಎರಡು ವರ್ಷದಿಂದ ಹಾಸಿಗೆಯಲ್ಲಿರುವ ಅಕ್ಕ ಗೌರಕ್ಕನಿಗೆ ವಾರದಲ್ಲಿ ನಾಲ್ಕು ಮಂದಿಯ ನಡುವೆ ಇರುವ ಹೊತ್ತೆಂದರೆ ಅದೊಂದೇ.

ಅವರು ಹಾಕಿದ್ದ ಅರ್ಜಿಯ ಮೇಲೆ ಬುಧವಾರ ಮಧ್ಯಾಹ್ನ ಸಂಘಗಳ ನೋಂದಣಿ ಅಧಿಕಾರಿ ಇನಾಂದಾರ ಅವರು ಸರ್ವಸದಸ್ಯರ ಸಭೆಯನ್ನು ಕಣ್ಣಾರೆ ನೋಡಲು ಮನೆಗೇ ಬಂದರು.

"ಬಳಗ ಎಲ್ಲಿ ಕೂಡತದರೀ?"

"ಫೋನಿನ್ಯಾಗರೀ, ಸಾಹೇಬರ."

"ಫೋನಿಗೆ ಮನಿ ನಂಬರ ಇರಂಗಿಲ್ಲಲ್ಲ ತಾಯಿ. ಸಂಘ ಅಂದ ಮ್ಯಾಲೆ ನೋಟೀಸ ಅಂಟಸಾಕ ಒಂದು ಬಾಗಲಾ ಬೇಕು."

ಅಷ್ಟರಲ್ಲಿ ಪರದೆಯಲ್ಲಿ ಎಲ್ಲರೂ ಕೂಡಿದರು, ಬೀದರಿನ ಸಂಪರ್ಕ ತಡವರಿಸಿತು. ಶಿವಯೋಗಪ್ಪನವರು ಸಮಕಾಲಿಯ ಊಹೆ ಎಷ್ಟು ಮುಂದೆ ಓಡಬೇಕೆಂಬ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರು. ಅದು ಅಲ್ಲೇ ಸಿಕ್ಕಿಕೊಂಡಿತು. ಒಂದು ಸೆಕೆಂಡು ಮೊದಲು ನುಡಿಯುತ್ತಿದ್ದ ಪೆಟ್ಟಿಗೆ ಹತ್ತು ನಿಮಿಷ ಮೊದಲೇ ನುಡಿಯತೊಡಗಿತು.

ಇನಾಂದಾರ ಸಂಘ ಸ್ಥಾಪನೆಯ ಠರಾವು ಓದಲು ಕನ್ನಡಕ ಹುಡುಕುತ್ತಿರುವಾಗಲೇ ಪೆಟ್ಟಿಗೆಯಿಂದ "ಒಪ್ಪಿಗಿ ಅದ" ಎಂಬ ದನಿಗಳು ಬಂದವು. ಬಳಿಕ ಅಧ್ಯಕ್ಷರ ಆಯ್ಕೆ ತಾನಾಗಿ ಆರಂಭವಾಯಿತು.

"ಬಸಮ್ಮ ಯಾಕ? ಆಕಿಗೆ ಶ್ರುತಿ ಅಂದ್ರ ಗೊತ್ತಿಲ್ಲ," ಎಂದಿತು ಬೀದರಿನ ಚನ್ನವೀರಪ್ಪನವರ ದನಿ.

"ನಿನಗ ಗೊತ್ತಿದ್ದದ್ದು ಬರೇ ಕೆಮ್ಮೋದು," ಎಂದಿತು ಬಸಮ್ಮನ ದನಿ.

"ನಾ ಬಾಯಿನ ತಗದಿಲ್ಲರೀ," ಎಂದು ನಿಜವಾದ ಚನ್ನವೀರಪ್ಪನವರು ಪರದೆಯಲ್ಲಿ ಕೈ ಬೀಸಿದರು. "ಮನಸಿನ್ಯಾಗ ಇತ್ತು, ಅದು ಖರೆ."

ಏಳು ನಿಮಿಷಗಳಲ್ಲಿ ಬಳಗವು ಎರಡಾಗಿ ಒಡೆದು, ಎರಡು ಬೈಲಾ ಬರೆದು, ಕ್ಷಮೆ ಕೇಳಿ, ಮತ್ತೆ ಒಂದಾಯಿತು. ಇನಾಂದಾರ ಎಲ್ಲವನ್ನೂ ನಡಾವಳಿಯಲ್ಲಿ ಬರೆದುಕೊಂಡರು.

ನೀಲಾಂಬಿಕಾ ತಡೆಯಲಾರದೆ ನಿಜ ಹೇಳಿದರು. "ಸಾಹೇಬರ, ಇದ್ಯಾವುದೂ ಮಂದಿ ಆಡಿದ ಮಾತಲ್ಲ. ಪೆಟಗಿ ಆಡಿದ್ದು."

ಇನಾಂದಾರ ಬಗ್ಗಿ ಪೆಟ್ಟಿಗೆಗೆ ಕಿವಿಯಿಟ್ಟರು. ನಂತರ ಪರದೆಯತ್ತ ತಿರುಗಿ ಒಬ್ಬೊಬ್ಬರನ್ನೇ ಕೇಳಿದರು. ಪೆಟ್ಟಿಗೆ ಹೇಳಿದ್ದು ತಮ್ಮ ಮನಸ್ಸಿನ ಮಾತೇ ಎಂದು ಎಲ್ಲರೂ ತಲೆ ತಗ್ಗಿಸಿ ಒಪ್ಪಿದರು.

"ಜಗಳಾ ಇಲ್ಲದ ಸಂಘದ ಅರ್ಜಿ ಕಂಡ್ರ ನನಗ ಸಂಶಯ," ಎಂದರು ಇನಾಂದಾರ. "ನಿಮ್ಮದು ಪಕ್ಕಾ ಸಂಘ. ಮೂವತ್ತೆರಡೂ ಮಂದಿ ಕೂಡಿದ್ದು ಈ ಪೆಟಗಿಯಾಗ. ವಿಳಾಸ ಸಿಕ್ಕಂಗಾತು."

ಶುಕ್ರವಾರ ಪ್ರಮಾಣಪತ್ರ ಬಂದಿತು. ನೋಂದಾಯಿತ ಕಚೇರಿ: ಶಿವಯೋಗಪ್ಪನವರ ಊಟದ ಮೇಜಿನ ಮೇಲಿನ ಪೆಟ್ಟಿಗೆ. ಸರ್ವಸದಸ್ಯರ ಠರಾವಿಲ್ಲದೆ ಅದನ್ನು ಸರಿಸುವಂತಿಲ್ಲ, ಆರಿಸುವಂತಿಲ್ಲ. ಬಳಗ ಉಳಿಯಿತು. ದಂಪತಿಗಳು ನೆಲದ ಮೇಲೆ ಕುಳಿತು ಉಣ್ಣತೊಡಗಿದರು.

ಮೂರು ದಿನ ಮೊಣಕಾಲು ನೋಯಿಸಿಕೊಂಡ ನೀಲಾಂಬಿಕಾ, ಸೋಮವಾರ ಪೆಟ್ಟಿಗೆಯನ್ನು ಅಟ್ಟಕ್ಕೆ ಸಾಗಿಸುವ ಠರಾವು ಮಂಡಿಸಲು ಎದ್ದು ನಿಂತರು. ಅವರು ಬಾಯಿ ತೆರೆಯುವ ಮೊದಲೇ ಮೂವತ್ತೆರಡು ದನಿಗಳು "ವಿರೋಧ ಅದ" ಎಂದವು. ಅವುಗಳಲ್ಲಿ ಒಂದು ಅವರದೇ ದನಿ.

ಒಂದು ಸೆಕೆಂಡು ತಡವಾಗಿ ಬೆಳಗಾವಿಯಿಂದ ಗೌರಕ್ಕನ ನಿಜವಾದ ದನಿ ಕೇಳಿಸಿತು. "ಕೇಳಿದ್ರ ನಾನೂ ಅದನ್ನ ಅಂತಿದ್ದೆ, ನೀಲಾ. ಕುಂಡರು, ವಚನ ಶುರು ಮಾಡು."