ಹಿಮ್ಮೆಟ್ಟುವವನ ಮುಖ ಯಾವ ಕಡೆಗಿರುತ್ತದೆ?

ಪದಗಳ ಹುಟ್ಟು, ಕುಲ, ಗೋತ್ರಗಳನ್ನೆಲ್ಲ ಬಲ್ಲ ಮಾನ್ಯ ನಿಘಂಟುಕಾರರೇ,

ಯಳಂದೂರು ಸೀಮೆಯ ಕಾಡಂಚಿನ ರೈತ ಶಿವನಂಜಯ್ಯ ಮಾಡುವ ನಮಸ್ಕಾರಗಳು. ತಾವೂ, ತಮ್ಮ ಮನೆಯವರೂ, ತಮ್ಮ ಆಶ್ರಯದಲ್ಲಿರುವ ಅಷ್ಟೂ ಪದಗಳೂ ಕ್ಷೇಮವೆಂದು ನಂಬಿದ್ದೇನೆ. ನಾನು ಮಾತ್ರ ತಮ್ಮ ಒಂದೇ ಒಂದು ಪದದಿಂದ ಊರಲ್ಲಿ ತಲೆ ಎತ್ತದಂತಾಗಿದ್ದೇನೆ.

‘ಹಿಮ್ಮೆಟ್ಟು’ ಎಂಬುದರ ಮೂಲವನ್ನು ತಾವು ‘ಹಿಂದಕ್ಕೆ ಮೆಟ್ಟು’, ಅಂದರೆ ಹಿಂದಕ್ಕೆ ಕಾಲಿಡು ಎಂದು ಬಲು ಚೆನ್ನಾಗಿ ಬಿಡಿಸಿದ್ದೀರಿ. ಆಮೇಲೆ ಅರ್ಥ ಹೇಳುವಾಗ ‘ಹೆದರು, ಸೋಲು, ಪಲಾಯನ ಮಾಡು’ ಎಂದಿದ್ದೀರಿ. ಬರೀ ಕಾಲಿದ್ದ ಪದಕ್ಕೆ ಇಷ್ಟೊಂದು ಹೆದರಿಕೆ ತುಂಬಿದ ತಮ್ಮ ವಿದ್ವತ್ತಿಗೆ ಯಾರಾದರೂ ಶಾಲು ಹೊದಿಸಲೇಬೇಕು.

ಹೋದ ತಿಂಗಳು ಬೆಳಗ್ಗೆ ನಾನು, ನನ್ನ ಹೆಂಡತಿ ಪುಟ್ಟಮಾದಮ್ಮ, ಪಕ್ಕದ ಮನೆಯ ಪ್ರಭುಸ್ವಾಮಿ ಡೇರಿಗೆ ಹಾಲು ಹಾಕಲು ಹೋಗುವಾಗ ಕಬ್ಬಿನ ಗದ್ದೆಯಿಂದ ಆನೆಯೊಂದು ಎದ್ದು ಬಂದು ಎದುರಿಗೆ ನಿಂತಿತು. ಪ್ರಭುಸ್ವಾಮಿಯವರು ಕ್ಯಾನು ಬಿಸಾಕಿ ಕಾಲಿಗೆ ಬುದ್ಧಿ ಹೇಳಿದರು. ಪುಟ್ಟಮಾದಮ್ಮನ ಮಂಡಿನೋವಿಗೆ ಓಟ ಎಲ್ಲಿಂದ ಬರಬೇಕು? ನಮ್ಮ ಕಡೆ ಮಾದಪ್ಪನ ಗುಡಿಯಿಂದ ಹೊರಬರುವಾಗ ದೇವರಿಗೆ ಬೆನ್ನು ತೋರಿಸದೆ, ಮುಖ ಅವನ ಕಡೆಗೇ ಇಟ್ಟು, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತೇವೆ. ನನಗೆ ಆಗ ಹೊಳೆದದ್ದು ಅದೊಂದೇ. ಅವಳನ್ನು ಬೆನ್ನ ಹಿಂದೆ ಇಟ್ಟುಕೊಂಡು, ಆನೆಗೆ ಕೈಮುಗಿದು, ‘ಉಘೇ ಮಾದಪ್ಪ’ ಎಂದು ಗೊಣಗುತ್ತಾ ಹಾಗೇ ಹಿಂದಕ್ಕೆ ನಡೆದೆ. ಜೀವ ಬಾಯಿಗೆ ಬಂದಿತ್ತು, ಸುಳ್ಳೇಕೆ ಹೇಳಲಿ. ಆನೆ ಕಿವಿ ಬೀಸಿ, ಸ್ವಲ್ಪ ಹೊತ್ತು ನೋಡಿ, ಕಬ್ಬಿಗೆ ಮರಳಿತು.

ಈಗ ಊರ ಯಜಮಾನಿಕೆಗೆ ನನ್ನ ಹೆಸರು ಬಂದಿದೆ. ಪ್ರಭುಸ್ವಾಮಿಯವರು ತಾವು ಬರೆದ ಈ ನಿಘಂಟನ್ನೇ ಕಂಕುಳಲ್ಲಿಟ್ಟುಕೊಂಡು, ‘ಇಮ್ಮೆಟ್ಟಿದೋನು ಯಜಮಾನ ಆಗಂಗಿಲ್ಲ ಕಣ್ರಿ, ಬುಕ್ಕಲ್ಲೇ ಬರ್ದವ್ರೆ’ ಎಂದು ಜಗಲಿ ಜಗಲಿಗೂ ಓದಿ ಹೇಳುತ್ತಿದ್ದಾರೆ. ಓಡಿದವರ ಬಗ್ಗೆ ಬುಕ್ಕು ಏನು ಹೇಳುತ್ತದೆಂದು ಯಾರೂ ಕೇಳುತ್ತಿಲ್ಲ. ಸೋಮವಾರ ಊರು ಸೇರಿ ತೀರ್ಮಾನ ಮಾಡುತ್ತದೆ.

ಆದ್ದರಿಂದ ಅಷ್ಟರೊಳಗೆ ತಾವು ಅರ್ಥವನ್ನು ತಿದ್ದಿಕೊಡಬೇಕು. ಆಗದಿದ್ದರೆ ಕೊಳ್ಳೇಗಾಲದ ಮೊದಲ ಬಸ್ಸಿಗೆ ದಯಮಾಡಿಸಿ, ನಮ್ಮ ಗದ್ದೆಯ ಬದುವಿನ ಮೇಲೆ ನಿಂತು, ಆನೆ ಬಂದಾಗ ಪುಟ ತೆರೆದು ಈ ಪದವನ್ನು ಅದಕ್ಕೆ ಓದಿ ಹೇಳಬೇಕು. ಅದು ತಿದ್ದುಪಡಿ ಸೂಚಿಸಿದರೆ ತಾವು ತಕರಾರು ಮಾಡಬಾರದು. ಊಟದ ಏರ್ಪಾಡು ನಮ್ಮದು.

ಎದುರಿಗಿದ್ದವರಿಗೆ ಬೆನ್ನು ತೋರಿಸದ,
ತಮ್ಮ ವಿಶ್ವಾಸಿ,
ಶಿವನಂಜಯ್ಯ

ತಾ.ಕ.: ಪುಟ್ಟಮಾದಮ್ಮನಿಗೆ ಈ ಪತ್ರ ಓದಿ ಹೇಳಿದೆ. ‘ಊರು ಏನಾರ ಅಂದ್ಕಳ್ಳಿ ಬುಡಿ, ನಾ ಬದುಕಿವ್ನಲ್ಲ’ ಎಂದಳು. ಇದನ್ನೂ ಒಂದು ಅರ್ಥವೆಂದು ಸೇರಿಸಿಕೊಳ್ಳಿ. ಜಾಗ ಸಾಲದಿದ್ದರೆ ‘ಪಲಾಯನ’ವನ್ನು ಅಲ್ಲಿಂದ ಎಬ್ಬಿಸಿಬಿಡಿ; ಅದನ್ನು ಇಟ್ಟುಕೊಳ್ಳಲು ಪ್ರಭುಸ್ವಾಮಿಯವರ ಮನೆಯಲ್ಲಿ ಬೇಕಾದಷ್ಟು ಜಾಗವಿದೆ.