ಬರ್ತೇವೆ ಎಂದು ಒತ್ತಿದವರು

ನನ್ನ ಭಾವ ಮಾಡುವ ಕೆಲಸ ಏನೆಂದು ಬಿಡಿಸಿ ಹೇಳಬಲ್ಲವರು ಇಡೀ ಪುತ್ತೂರಿನಲ್ಲಿ ಒಬ್ಬರೂ ಇಲ್ಲ. ಭಾವನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ! ಅಕ್ಕನ ಗಂಡ, ಓದಿದವರು, ಪೇಟೆಯ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಇಬ್ಬರು ಗೆಳೆಯರ ಜೊತೆ ಸಾಫ್ಟ್‌ವೇರ್ ಕಂಪನಿ ಇಟ್ಟವರು. ಗೆಳೆಯರಲ್ಲಿ ಒಬ್ಬ ಆ್ಯಪ್ ಬರೆಯುತ್ತಾನೆ, ಇನ್ನೊಬ್ಬ ಮಾರುತ್ತಾನೆ. ಭಾವ ಪ್ರಾಡಕ್ಟ್ ಮ್ಯಾನೇಜರ್. ಹಾಗೆಂದರೆ ಏನು ಎಂದು ಅಮ್ಮ ಒಮ್ಮೆ ಕೇಳಿದ್ದಕ್ಕೆ, "ಜನರಿಗೆ ಎಂತ ಬೇಕು ಅಂತ ತಿಳ್ಕೊಂಡು, ಯಾವುದು ಮೊದಲು ಮಾಡುದು, ಯಾವುದು ಬಿಡುದು ಅಂತ ಹೇಳುದು ಅತ್ತೆ" ಎಂದರು.

"ಅಷ್ಟೆಯಾ? ಅದನ್ನು ನಾನು ಮದುವೆ ಆದಾಗಿಂದ ಮಾಡ್ತಾ ಇದ್ದೇನೆ. ಒಬ್ರೂ ಸಂಬಳ ಕೊಡ್ಲಿಲ್ಲ" ಎಂದು ಅಮ್ಮ ಒಳಗೆ ಹೋದರು.

ಅವರ ಮನೆಯೂ ನಮ್ಮ ಮನೆಯೂ ಒಂದೇ ಕಂಪೌಂಡಿನಲ್ಲಿರುವುದರಿಂದ ಭಾವನ ವಿದ್ಯೆಯ ಬಿಸಿ ನಮಗೂ ತಟ್ಟುತ್ತದೆ. ಒಮ್ಮೆ ಅಕ್ಕ ಜ್ವರ ಬಂದು ಮಲಗಿದಾಗ ಅಡಿಗೆ ಭಾವನ ಪಾಲಿಗೆ ಬಂತು. ಊಟಕ್ಕೆ ಕೂತರೆ ತಟ್ಟೆಗೆ ಬಿದ್ದದ್ದು ಬೆಂದ ಬೇಳೆ, ಉಪ್ಪು, ನೀರು. ಹುಳಿಯಿಲ್ಲ, ಖಾರವಿಲ್ಲ, ತೆಂಗಿನಕಾಯಿಯ ಸುದ್ದಿಯೇ ಇಲ್ಲ! ಇದೇನು ಎಂದರೆ, "ಇದು ಸಾಂಬಾರಿನ ಮೊದಲ ಆವೃತ್ತಿ. ಕಡಿಮೆಯಲ್ಲಿ ಮಾಡಿ ಜನರ ಕೈಗೆ ಕೊಡುದು, ಅವರು ಎಂತ ಹೇಳ್ತಾರೆ ನೋಡಿ ಮತ್ತೆ ಒಂದೊಂದೇ ಸೇರಿಸುದು" ಎಂದು ಪಾಠ ಮಾಡಿದರು. ಅಕ್ಕ ಜ್ವರದಲ್ಲೇ ಎದ್ದು ಬಂದು, ಪಾತ್ರೆಯನ್ನು ಎತ್ತಿ ಬಸಳೆ ಬುಡಕ್ಕೆ ಸುರಿದಳು. ಜನರ ಅಭಿಪ್ರಾಯ ಅಷ್ಟು ಬೇಗ ಬಂದದ್ದಕ್ಕೆ ಭಾವ ಖುಷಿಪಟ್ಟರು.

ಇಂಥ ಭಾವನಿಗೆ ಒಂದು ದೊಡ್ಡ ಯೋಚನೆ ಹೊಳೆಯಿತು. ನಮ್ಮ ಕಡೆ ಯಾವ ಸಮಾರಂಭವಿದ್ದರೂ ಎಷ್ಟು ಜನ ಊಟಕ್ಕೆ ಬರುತ್ತಾರೆಂಬುದು ದೇವರಿಗೇ ಗೊತ್ತು. ಅದಕ್ಕೊಂದು ಆ್ಯಪ್! ಹೇಳಿಕೆ, ಎಂದರೆ ಆಮಂತ್ರಣ, ಮೊಬೈಲಿಗೆ ಬರುತ್ತದೆ, ಕೆಳಗೆ ಎರಡು ಬಟನ್: 'ಬರುತ್ತೇವೆ', 'ಬರುವುದಿಲ್ಲ'. ಒತ್ತಿದರೆ ಲೆಕ್ಕ ಸಿದ್ಧ. ಮಾಡುವ ಮೊದಲು ಜನರನ್ನು ಕೇಳಬೇಕೆಂಬುದು ಅವರ ಶಾಸ್ತ್ರ. ಸರಿ, ಮನೆಮನೆಗೆ ಹೋದರು. ಹೋದಲ್ಲೆಲ್ಲ ಬೆಲ್ಲ-ನೀರು, ಚಹಾ, ಚಕ್ಕುಲಿ. ಆ್ಯಪ್ ಹೇಗೆ ಎಂದರೆ ಎಲ್ಲರದ್ದೂ ಒಂದೇ ಉತ್ತರ: "ಒಳ್ಳೆದುಂಟು ಮಾರಾಯ್ರೆ, ನೋಡುವ." ಮನೆ ಬಾಗಿಲಿಗೆ ಬಂದವರ ಎದುರು ನಮ್ಮೂರಲ್ಲಿ ಯಾರಾದರೂ ಬೇರೆ ಹೇಳಿದ್ದುಂಟೇ? 'ನೋಡುವ' ಎಂದರೆ ಕತೆ ಮುಗಿಯಿತೆಂದೇ ಅರ್ಥ. ಭಾವ ಮಾತ್ರ ಊರಿಗೆ ಊರೇ ಕಾಯುತ್ತಿದೆ ಎಂದುಕೊಂಡು ಬಂದರು.

ಆ್ಯಪ್ ಆಯಿತು. ಯಾರೂ ಕೊಳ್ಳಲಿಲ್ಲ. ಗೆಳೆಯರಿಬ್ಬರೂ ಕೊನೆಗೆ, "ಒಂದು ಸಮಾರಂಭದಲ್ಲಾದ್ರೂ ಇದು ಸರಿಯಾದ ಲೆಕ್ಕ ಕೊಡ್ಲಿ. ಇಲ್ಲದಿದ್ರೆ ಮುಚ್ಚುವ" ಎಂದುಬಿಟ್ಟರು. ಭಾವನ ಮುಖ ಸಣ್ಣದಾಯಿತು. ಎರಡು ವರ್ಷದ ನಿದ್ದೆ ಅವರು ಅದಕ್ಕೆ ಸುರಿದಿದ್ದರು. ಆಗಲೇ ನಮ್ಮ ಅಮ್ಮನಿಗೆ ಎಂಬತ್ತು ತುಂಬುವುದಿತ್ತು. ಇನ್ನೇನು ಬೇಕು! ಅಮ್ಮನ ಸಮಾರಂಭದ ಹೇಳಿಕೆ ಪೂರಾ ಆ್ಯಪಿನಲ್ಲೇ ಎಂದು ಭಾವ ಹಟ ಹಿಡಿದರು.

ಹೇಳಿಕೆ ಹೋದ ಸಂಜೆಯೇ ಭಾವ ಕುಣಿಯುತ್ತ ಬಂದರು. "ಅತ್ತೆ, ಒತ್ತಿದವರು ಎಲ್ರೂ ಬರ್ತಾರೆ! ಒಬ್ಬನೇ ಒಬ್ಬ 'ಬರುವುದಿಲ್ಲ' ಒತ್ಲಿಲ್ಲ!"

"ಶುಭಕಾರ್ಯಕ್ಕೆ ಕರೆದ್ರೆ ಬರುದಿಲ್ಲ ಅಂತ ಯಾರು ಹೇಳ್ತಾರೆ ಮಾರಾಯ? ಕಾಶಿಗೆ ಹೊರಟು ರೈಲಿನಲ್ಲಿ ಕೂತವನೂ ಬರ್ತೇನೆ ಅಂತಲೇ ಹೇಳುದು" ಎಂದರು ಅಮ್ಮ.

"ಬಟನ್ ಸುಳ್ಳು ಹೇಳುದಿಲ್ಲ ಅತ್ತೆ" ಎಂದು ಭಾವ ಅಡಿಗೆಯವರಿಗೆ ಪೂರ್ತಿ ಲೆಕ್ಕ ಕೊಟ್ಟೇಬಿಟ್ಟರು.

ಸಮಾರಂಭದ ದಿನ ಊಟದ ಹಾಲ್‌ನಲ್ಲಿ ಬಾಳೆಲೆಗಳು ಸಾಲಾಗಿ ಮಲಗಿ ಜನರಿಗಾಗಿ ಕಾದವು. ಅರ್ಧ ಹಾಲ್ ಖಾಲಿ! ಭಾವ ಬಾಗಿಲಲ್ಲಿ ನಿಂತು ಒಮ್ಮೆ ಮೊಬೈಲು, ಒಮ್ಮೆ ಹಾಲ್ ನೋಡುತ್ತಿದ್ದರು. ಅವರ ನಂಬಿಕೆ ಇನ್ನೂ ಮೊಬೈಲಿನ ಮೇಲೆಯೇ ಇತ್ತು. ಅಷ್ಟರಲ್ಲಿ ಅಮ್ಮನ ಅಣ್ಣ, ಸುಳ್ಯದ ದೊಡ್ಡ ಮಾವ, ಯಾವ ಬಟನನ್ನೂ ಒತ್ತದೆ ಜೀಪು ತುಂಬ ಜನ ಕಟ್ಟಿಕೊಂಡು ಬಂದಿಳಿದರು. ಭಾವ ಕೈಮುಗಿದು, "ಮಾವ, ಇದ್ರಲ್ಲಿ ನೀವು ಬರ್ಲಿಲ್ಲ ಅಂತ ಉಂಟಲ್ಲ?" ಎಂದರು.

ಮಾವ ಮೊಬೈಲನ್ನು ಬಗ್ಗಿ ನೋಡಿದರು. "ಹೌದಾ? ಹಾಗಾದ್ರೆ ಬಾರದವನಿಗೆ ಒಂದು ಎಲೆ ಹಾಕ್ಸು. ಹಸಿವೆ ಮಾತ್ರ ಬಂದಾಗಿದೆ."

ಉಳಿದ ಪಾಯಸದ ಕತೆ ಕೇಳಬೇಡಿ. ನಮ್ಮನ್ನು ಪಾತ್ರೆಯ ಜೊತೆ ಕಂಡರೆ ನೆರೆಮನೆಯವರು ಬಾಗಿಲು ಹಾಕಿಕೊಳ್ಳುವಷ್ಟಾಯಿತು. ಗೆಳೆಯರು ಫೋನ್ ಮಾಡಿ, ಸೋಮವಾರ ಕೂತು ಮುಚ್ಚುವ ಮಾತಾಡುವ ಎಂದರು. ಬೇರೆಯವರಾಗಿದ್ದರೆ ಮುಸುಕು ಹಾಕಿ ಮಲಗುತ್ತಿದ್ದರು. ಭಾವ ಆದಿತ್ಯವಾರ ಬೆಳಿಗ್ಗೆಯೇ ನನ್ನನ್ನು ಎಬ್ಬಿಸಿದರು. "ಸೋತಲ್ಲಿಯೇ ಕಲಿಯುದು ಮಾರಾಯ. ಬರ್ತೇವೆ ಅಂತ ಒತ್ತಿ ಬಾರದವರನ್ನು ಎಂತಕ್ಕೆ ಅಂತ ಕೇಳುವ. ಕಾರು ತೆಗಿ!"

ಯಾಕೆ ಬರಲಿಲ್ಲ ಎಂದು ಮನೆಗೇ ಹೋಗಿ ಕೇಳುವುದೇ? ಭೂಮಿಯ ಮೇಲೆ ಮನುಷ್ಯ ಮಾಡಬಾರದ ಕೆಲಸವೊಂದಿದ್ದರೆ ಅದು ಇದು! ಬೆಳ್ಳಾರೆಯ ಮೊದಲ ಮನೆಯಲ್ಲೇ ನಾನು ನಾಚಿ ಕಾರಿನ ಹಿಂದೆ ನಿಂತೆ. ಆ ಮನೆಯವರು, "ಅಯ್ಯೋ, ಬರ್ಬೇಕು ಅಂತ ಹೊರಟದ್ದೇ! ಅಷ್ಟೊತ್ತಿಗೆ ದನ ಕರು ಹಾಕಿತು ನೋಡಿ" ಎಂದರು. ಭಾವನಿಗೆ ಆಳಕ್ಕಿಳಿದು ಕೇಳುವ ಚಟ. ಕರು ನೋಡಬಹುದಾ ಎಂದುಬಿಟ್ಟರು! ದನದ ಹಟ್ಟಿಯಲ್ಲಿ ಒಂದು ಸ್ಕೂಟರು, ಎರಡು ಗ್ಯಾಸ್ ಸಿಲಿಂಡರು ಇದ್ದವು. ಚಹಾ ಕುಡಿದು ಬಂದೆವು.

ಕೊನೆಗೆ ಕಾಣಿಯೂರು. ಅಲ್ಲಿದ್ದದ್ದು ಅಮ್ಮನ ಜೊತೆ ಶಾಲೆಗೆ ಹೋದ ಗೆಳತಿ. ಜಗಲಿಯಲ್ಲಿ ಕುರ್ಚಿ ಹಾಕಿ ಕೂತಿದ್ದರು, ಪಕ್ಕದಲ್ಲಿ ಊರುಗೋಲು. ಭಾವ ತಮ್ಮ ಪ್ರಶ್ನೆ ಕೇಳಿದರು. ಅಜ್ಜಿ ಎಲ್ಲರಂತೆ ನೆಪ ಹೇಳಲಿಲ್ಲ.

"ನಾನೇ ಒತ್ತಿದ್ದು ಮಗಾ. ಬಸ್ಸು ಹತ್ತಲಿಕ್ಕೆ ಈ ಕಾಲು ಕೇಳುದಿಲ್ಲ. ಮಗನಿಗೆ ಆವತ್ತು ಅಂಗಡಿ ಬಿಡ್ಲಿಕ್ಕೆ ಆಗ್ಲಿಲ್ಲ. ಆದ್ರೂ ಬರುದಿಲ್ಲ ಅಂತ ಒತ್ತಲಿಕ್ಕೆ ಮನಸ್ಸು ಬರ್ಲಿಲ್ಲ. ಅವಳು ನೋಡ್ತಾಳಲ್ಲ, ಬೇಜಾರು ಮಾಡ್ಕೊಳ್ತಾಳೆ." ಸ್ವಲ್ಪ ತಡೆದು ನಕ್ಕರು. "ಬೆಳಿಗ್ಗೆಯೇ ರೇಷ್ಮೆಯ ಪಟ್ಟೆ ಸೀರೆ ಉಟ್ಟು ಇಲ್ಲೇ ಕೂತಿದ್ದೆ. ಪುತ್ತೂರಿಗೆ ಹೋಗುವವರು ಯಾರಾದ್ರೂ ಕಾರು ನಿಲ್ಲಿಸಿದ್ರೆ ಅಂತ. ಊಟದ ಹೊತ್ತು ಕಳೆದ ಮೇಲೆ ಬಿಚ್ಚಿಟ್ಟೆ."

ಯಾವುದಕ್ಕೂ ಎರಡನೆಯ ಪ್ರಶ್ನೆ ಇಟ್ಟುಕೊಂಡಿರುವ ಭಾವ ಆ ಪ್ರಶ್ನೆ ಬಿಟ್ಟು ಊರುಗೋಲನ್ನು ಕೈಗೆತ್ತಿಕೊಂಡರು. ಆಮೇಲೆ, "ಅಮ್ಮಾ, ಈಗ ಬರ್ತೀರಾ? ಕಾರು ಉಂಟು" ಎಂದರು.

ಅಜ್ಜಿ ಅದೇ ಪಟ್ಟೆ ಸೀರೆ ಉಟ್ಟು ಬಂದರು. ದಾರಿಯುದ್ದಕ್ಕೂ ಭಾವ ಹಿಂದಿನ ಸೀಟಿನಲ್ಲಿ ಅವರ ಊರುಗೋಲು ಹಿಡಿದುಕೊಂಡು ಕೂತಿದ್ದರು. ಪುತ್ತೂರಿನ ಮನೆಯ ಮೆಟ್ಟಿಲಲ್ಲಿ ಅಮ್ಮ ಗೆಳತಿಯನ್ನು ಕಂಡು, "ಬಂದೆಯಾ?" ಎಂದವರು ಅವರ ಎರಡೂ ಕೈ ಹಿಡಿದುಕೊಂಡು ಅಳತೊಡಗಿದರು. ಅವರೂ ಅತ್ತರು. ನನಗೂ ಕಣ್ಣು ತುಂಬಿ ಬಂತು. ಈ ವಿಚಿತ್ರ ಮನುಷ್ಯ ನಮ್ಮ ಮನೆಯ ಅಳಿಯನಾದದ್ದು ನಮ್ಮ ಪುಣ್ಯ ಎಂದು ಅನಿಸಿತು.

ಭಾವ ಅಂಗಳದ ಮೂಲೆಗೆ ಹೋಗಿ ಆ್ಯಪ್ ಬರೆಯುವ ಗೆಳೆಯನಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿ ಮಾತಾಡುವುದು ಅವರ ಕ್ರಮವಾದ್ದರಿಂದ ಎರಡೂ ಕಡೆಯದು ನನಗೆ ಕೇಳಿಸಿತು.

"ಮುಚ್ಚುದಾದ್ರೆ ಮುಚ್ಚುವ ಮಾರಾಯ, ನನ್ನದು ಅಡ್ಡಿ ಎಂತ ಇಲ್ಲ. ಅದಕ್ಕೆ ಮೊದಲು ಇನ್ನೊಂದು ಬಟನ್ ಹಾಕಿ ಕೊಡು. 'ಬರಲು ಮನಸ್ಸುಂಟು, ಕರೆದುಕೊಂಡು ಹೋಗಿ' ಅಂತ."

"ನಿನಗೆ ಹುಚ್ಚಾ? ಅದನ್ನು ಒತ್ತಿದ್ರೆ ಕರ್ಕೊಂಡು ಬರ್ಲಿಕ್ಕೆ ಹೋಗುದು ಯಾರು?"

ಭಾವ ಮೆಟ್ಟಿಲ ಕಡೆ ತಿರುಗಿ, ಇನ್ನೂ ಕೈ ಬಿಡದೆ ನಿಂತಿದ್ದ ಆ ಇಬ್ಬರನ್ನು ನೋಡಿದರು.

"ನಾನು ಹೋಗ್ತೇನೆ" ಎಂದರು.