ಅಪ್ಪನ ಹಣೆಯ ಹೊಳಪು

ವಾದದಲ್ಲಿ ಗೆಲ್ಲುವುದು ನನಗೊಂದು ಚಟ. ಗೆದ್ದ ಮೇಲೆ ಎದುರಿನವರು ನಮ್ಮ ಮಾತನ್ನು ನಿಜಕ್ಕೂ ಪಾಲಿಸಿಬಿಟ್ಟರೆ ಏನು ಗತಿ ಎಂಬುದನ್ನು ಮಾತ್ರ ಯಾವ ಚರ್ಚಾಸ್ಪರ್ಧೆಯಲ್ಲೂ ಹೇಳಿಕೊಡುವುದಿಲ್ಲ. ರಾಣೇಬೆನ್ನೂರಿನ ಕಾಲೇಜಿನಲ್ಲಿ ಗೆದ್ದ ಬಹುಮಾನದ ಬಟ್ಟಲು ಬ್ಯಾಡಗಿಯ ನಮ್ಮ ಮನೆಯ ಕಪಾಟಿನಲ್ಲಿದೆ. ಪಕ್ಕದ ಕನ್ನಡಿಯಲ್ಲಿ ನನ್ನ ಮೊಡವೆಗಳಿವೆ.

"ಆ ಮಿರ್ಚಿ ಭಜಿ ಬಿಡ್ರಿ ಇಬ್ಬರೂ. ಎಣ್ಣಿಯೆಲ್ಲಾ ಮಾರಿಗೆ ಬಂದೈತಿ" ಎಂದು ಅವ್ವ ಒಂದು ಸಂಜೆ ನನಗೂ ಅಪ್ಪನಿಗೂ ಸೇರಿಸಿ ಬೈದಳು. ನಾನು ಎದ್ದು ನಿಂತು ವಾದಕ್ಕಿಳಿದೆ. ತಿಂದ ಎಣ್ಣೆ ಸೀದಾ ಮುಖಕ್ಕೆ ಸೋರುವುದಿಲ್ಲ. ಚರ್ಮದ ಕೋಶಗಳು ತಮ್ಮ ಎಣ್ಣೆಯನ್ನು ತಾವೇ ತಯಾರಿಸುತ್ತವೆ. ರಕ್ತದ ಕೊಬ್ಬಿಗೂ ಅದಕ್ಕೂ ಸಂಬಂಧವೇ ಇಲ್ಲ! ಕೊನೆಯದು ಎಲ್ಲಿಯೂ ಓದಿದ್ದಲ್ಲ, ಮಾತಿನ ಭರದಲ್ಲಿ ಬಂದದ್ದು. ಅಪ್ಪ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದಲಾಲ. ಚೀಲಕ್ಕೆ ಕೈ ಹಾಕಿ, ಕಾಯಿಯ ಹೊಳಪು ನೋಡಿಯೇ ಮಾಲಿನ ಯೋಗ್ಯತೆ ಹೇಳುವವನು. ತನ್ನ ಮಿರುಗುವ ಹಣೆ ಸವರಿಕೊಂಡು, "ಹೊಳಪಿದ್ರ ಮಾಲು ಚಲೋ ಐತಿ ಅಂತನ ಅರ್ಥ. ವಕೀಲವ್ವ ತೀರ್ಪು ಕೊಟ್ಟಾಳ, ಕೇಳಿದೇನ?" ಎಂದು ಅವ್ವನನ್ನು ಕೆಣಕಿ ಇನ್ನೊಂದು ಭಜಿ ಎತ್ತಿಕೊಂಡ. ಆಮೇಲೆ ವರ್ಷವಿಡೀ ಅವಳು ಬೈದಾಗಲೆಲ್ಲ ನನ್ನ ಮಾತೇ ಅವನ ಗುರಾಣಿ.

ಕಳೆದ ತಿಂಗಳು ಅಪ್ಪ ಮಾರುಕಟ್ಟೆಯಲ್ಲಿ ಎದೆ ಹಿಡಿದುಕೊಂಡು ಚೀಲದ ಮೇಲೆಯೇ ಕುಸಿದ. ಹಾವೇರಿಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದರೆ ಕೊಬ್ಬು ಮಿತಿಮೀರಿತ್ತು. ಆಗಲೂ ನನ್ನ ಚಟ ಬಿಡಲಿಲ್ಲ. "ರಕ್ತದ ಕೊಬ್ಬಿಗೂ ಮಾರಿ ಎಣ್ಣಿಗೂ ಸಂಬಂಧ ಇಲ್ಲಲ್ರಿ?" ಎಂದು ಡಾಕ್ಟರನ್ನು ಕೇಳಿದೆ.

"ಇದ್ರೂ ಇರಬಹುದವಾ. ಎಣ್ಣಿ ಮಾಡೋ ಕೋಶ ಬೆಳೆಯೋದ್ರಾಗ ರಕ್ತದ ಕೊಬ್ಬಿನ ಕೈವಾಡ ಎಷ್ಟೈತಿ ಅಂತ ಇನ್ನೂ ಹುಡುಕಾಕತ್ತಾರ. ಹಂಗಂತ ಮಾರಿ ನೋಡಿ ರಕ್ತ ಹೇಳಾಕ ಬರಂಗಿಲ್ಲ. ಎದಿಗಂತೂ ಸಂಬಂಧ ಐತಿ. ನೀ ಅದನ್ನ ಯಾಕ ಕೇಳಲಿಲ್ಲ?"

ನಾನು ಹೋಗಿ ಅಪ್ಪನ ಮಂಚದ ಪಕ್ಕ ಕುಳಿತೆ.

ಅಪ್ಪ ಈಗ ಮನೆಯಲ್ಲೇ ಇದ್ದಾನೆ. ಹಣೆ ಮಂಕಾಗಿದೆ, ಪಲ್ಯದಲ್ಲಿ ಎಣ್ಣೆ ಕಾಣುವುದಿಲ್ಲ. ಅವ್ವ ಅವನ ಗುಳಿಗೆಗಳನ್ನು ನನ್ನ ಬಹುಮಾನದ ಬಟ್ಟಲಿಗೆ ಸುರಿದು, "ಖಾಲಿ ಇತ್ತಲ್ಲ" ಎಂದಳು, ಅಷ್ಟೇ. ದಿನಾ ಬೆಳಿಗ್ಗೆ ಅದನ್ನು ನಾನೇ ಒಯ್ದು ಹಿಡಿಯುತ್ತೇನೆ. "ಮಾಲಿನ ಹೊಳಪು ಹೋತವಾ" ಎನ್ನುತ್ತ ಅಪ್ಪ ಗುಳಿಗೆ ನುಂಗುತ್ತಾನೆ.

ಅವ್ವನ ಹಟಕ್ಕೆ ನಾನೂ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದೆ. ನಿನ್ನೆ ವರದಿ ಬಂತು: ಕೊಬ್ಬು ಸರಿಯಾಗಿದೆ. ಮೊಡವೆಗಳು ಇದ್ದಲ್ಲೇ ಇವೆ. ಒಂದು ಮುಖ ಪುರಾವೆಯಾಗದು, ಆದರೂ ರಕ್ತಕ್ಕೂ ಮುಖಕ್ಕೂ ಸಂಬಂಧವಿಲ್ಲ ಎಂಬ ನನ್ನ ಪಕ್ಷಕ್ಕೆ ಇಷ್ಟು ಒಳ್ಳೆಯ ಸಾಕ್ಷಿ ಹಿಂದೆಂದೂ ಸಿಕ್ಕಿರಲಿಲ್ಲ. ಆ ವರದಿಯನ್ನು ಸಣ್ಣಗೆ ಮಡಚಿ ಬಟ್ಟಲಿನ ತಳದಲ್ಲಿ, ಗುಳಿಗೆಗಳ ಕೆಳಗೆ ಇಟ್ಟಿದ್ದೇನೆ. ಯಾರಿಗೂ ಹೇಳಿಲ್ಲ.